ಕೊಕ್ಕು ಜಾರಿದ ಗಿಣಿ

ವಿಮಲಾ ಟೀಚರ್ ನಿಜವಾಗಿ ಟೀಚರ್ ಅಲ್ಲ. ಗಂಡನಿಗೆ ಬ್ಯಾಂಕಿನಲ್ಲಿ ವರ್ಗವಾದಾಗ ದಾವಣಗೆರೆಯಿಂದ ಸೂರತ್ತಿಗೆ ಬಂದವರು. ಇಲ್ಲಿನ ಕನ್ನಡದ ಮಕ್ಕಳು ಅಜ್ಜಿಯರಿಗೂ ಹಿಂದಿಯಲ್ಲೇ ಉತ್ತರ ಕೊಡುವುದನ್ನು ನೋಡಿ, ಭಾನುವಾರಗಳಂದು ಕನ್ನಡ ಪಾಠ ಶುರುಮಾಡಿದರು. ಜಾಗ ಕೊಟ್ಟವರು ನಮ್ಮಜ್ಜ ಗೋಪಾಲಕೃಷ್ಣ ಭಟ್ಟರು. ಅವರ ಹೋಟೆಲಿನ ಮಹಡಿಯ ಕೋಣೆ ಅದು.

ಟೀಚರ್ ಅಂದವಾದ ಚಿತ್ರಗಳ ಕಾರ್ಡು ತಂದರು. ಆನೆ ತೋರಿಸಿದರೆ ಮಕ್ಕಳು "ಆನೆ" ಎನ್ನುತ್ತಿದ್ದರು. ಮಾತು ಅಲ್ಲಿಗೆ ಮುಗಿಯುತ್ತಿತ್ತು. ನನ್ನ ತಂಗಿ ಮೇದಿನಿ ಅಷ್ಟನ್ನೂ ಹೇಳುತ್ತಿರಲಿಲ್ಲ.

ಕೊನೆಗೆ ಅಜ್ಜನೇ ಬಾಯಿಬಿಟ್ಟರು. "ಬೇಜಾರು ಮಾಡ್ಬೇಡಿ ಟೀಚರೇ. ಭಾನುವಾರ ಊಟಕ್ಕೆ ಬಂದವರಿಗೆ ಕೂರ್ಲಿಕ್ಕೆ ಜಾಗ ಇಲ್ಲ. ಈ ಮಕ್ಕಳು ಎಂತ ಕಲಿತದ್ದು? ಬರೀ ಆನೆ, ಕುದುರೆ!"

"ಇನ್ನೊಂದು ಭಾನುವಾರ ಕೊಡಿ ಭಟ್ರೇ. ಅವತ್ತೂ ಮಾತಾಡದಿದ್ರೆ ನಾನೇ ಕೋಣೆ ಬಿಡ್ತೀನಿ."

ಆ ವಾರ ಟೀಚರ್ ಮನೆಯಲ್ಲಿ ನೆಲ ಒರೆಸಲು ಮಡಿಸಿಟ್ಟ ಒಂದು ಚಿಂದಿ ಬಟ್ಟೆ ಬಿಡಿಸಿದರು. ಅಚ್ಚು ಹಾಕುವಾಗ ಪ್ರಿಂಟು ಜಾರಿ ಕೆಟ್ಟುಹೋದ ಬಟ್ಟೆಯನ್ನು ಸೂರತ್ತಿನ ಪಾಂಡೇಸರಾ ಬಡಾವಣೆಯ ಬಟ್ಟೆ ಗಿರಣಿಗಳು ಚಿಂದಿಯೆಂದು ಮಾರುತ್ತವೆ. ಇದರಲ್ಲಿ ಹಸಿರು ಗಿಣಿಯ ಕೆಂಪು ಕೊಕ್ಕು ಕಾಲಿನ ಹತ್ತಿರ ಬಿದ್ದಿತ್ತು. ಮನೆಯಲ್ಲಿ ಮಾತೇ ಆಡದ ಅವರ ಗಂಡ ಸೀತಾರಾಮರು ಪೇಪರು ಕೆಳಗಿಟ್ಟು ಬಗ್ಗಿ ನೋಡಿದರು. "ಅಯ್ಯೋ ಪಾಪ! ಇದು ಹಣ್ಣು ಹೇಗೆ ತಿನ್ನುತ್ತೆ? ಕಾಲಲ್ಲಿ ತಿನ್ನುತ್ತಾ?"

ಟೀಚರ್ ನೆಲ ಒರೆಸಲಿಲ್ಲ. ಮರುದಿನ ಪಾಂಡೇಸರಾಕ್ಕೆ ಹೋಗಿ, ಚಿಂದಿಯ ರಾಶಿಯಲ್ಲಿ ಕೂತು, ಚಿತ್ರ ಕೆಟ್ಟ ತುಂಡುಗಳನ್ನೇ ಆರಿಸಿದರು.

ಭಾನುವಾರ ಗಿಣಿಯ ಬಟ್ಟೆಯನ್ನು ಗೋಡೆಗೆ ತೂಗುಹಾಕಿ, ಏನೂ ಕೇಳದೆ ಸುಮ್ಮನೆ ಕೂತರು.

"ಟೀಚರ್, ಅದರ ಮೂಗು ಬಿದ್ದಿದೆ," ಎಂದ ಅಕ್ಷಯ್.

"ಮೂಗಲ್ಲ ಬುದ್ಧೂ, ಬಾಯಿ!" ಎಂದಳು ಅದಿತಿ.

ಜಗಳ ಹತ್ತಿಕೊಂಡಿತು. ಕನ್ನಡ ಅಲ್ಲಲ್ಲಿ ಮುರಿದರೂ ಟೀಚರ್ ತಿದ್ದಲಿಲ್ಲ. ಸದ್ದು ಕೇಳಿ ಅಜ್ಜ ಮೇಲೆ ಬಂದರು.

"ಎಂತ ಗಲಾಟೆ ಮಾರಾಯ್ರೆ? ಅದು ಬಾಯಿ ಅಲ್ಲ, ಮೆಣಸಿನಕಾಯಿ!"

ಮೇದಿನಿ ಎದ್ದು ನಿಂತಳು. "ಅಜ್ಜಾ, ಜೂಠ್ ಹೇಳ್ಬೇಡ! ಅದು ಗಿಣೀದು ಬಾಯಿ. ಬಿದ್ದು ಹೋಗಿದೆ!"

ಅಜ್ಜ ಅವಳನ್ನೇ ನೋಡಿದರು. ಅವಳು ಅವರೊಡನೆ ಇಷ್ಟು ಕನ್ನಡ ಎಂದೂ ಆಡಿರಲಿಲ್ಲ.

"ಹಾಗಾದ್ರೆ ಅದಕ್ಕೆ ಊಟ?"

"ನಾನು ಕೊಡ್ತೇನೆ. ಚಮಚದಲ್ಲಿ."

ಕೆಳಗಿನಿಂದ ಮಾಣಿ ಕೂಗಿದ: "ಭಟ್ರೇ, ಜನ ಬಂದ್ರು. ಮೇಲೆ ಕಳಿಸ್ಲಾ?"

"ಅಲ್ಲೇ ಕೂರಿಸು! ಜಾಗ ಇಲ್ಲದಿದ್ರೆ ಕಾಯ್ಲಿಕ್ಕೆ ಹೇಳು. ಮೇಲೆ ಕ್ಲಾಸು ಉಂಟು."

ಟೀಚರ್ ಆಗಲೇ ಮುಂದಿನ ಬಟ್ಟೆ ಬಿಡಿಸುತ್ತಿದ್ದರು. ಅದರಲ್ಲಿ ನವಿಲಿನ ಕಾಲುಗಳು ಮರ ಹತ್ತಿದ್ದವು, ನವಿಲು ಮಾತ್ರ ಕೆಳಗೇ ಇತ್ತು.