ಕಾಲುವೆಯ ಮೇಲ್ಗಡೆ

ಅದು ಸಾಲಗುಂದದ ಹತ್ತಿರದ ಕಾಲುವೆಯಿರಬೇಕು, ಅಥವಾ ಅಲ್ಲವೇನೋ. ಸಿಂಧನೂರಿನ ಸುತ್ತಲಿನ ಗದ್ದೆಗಳೆಲ್ಲ ನೆನಪಿನಲ್ಲಿ ಒಂದೇ ಹಸಿರಾಗಿಬಿಟ್ಟಿವೆ. ಎಂಬತ್ತರ ದಶಕದ ಕೊನೆ ಎಂದಷ್ಟೇ ಹೇಳಬಲ್ಲೆ.

ಮಸ್ಕಿ ಕಡೆಯ ಒಣಭೂಮಿಯ ನಮ್ಮೂರಿನಿಂದ ಭತ್ತದ ನಾಟಿಗೆ ಟ್ರ್ಯಾಕ್ಟರಿನಲ್ಲಿ ಹೋಗುತ್ತಿದ್ದೆವು. ಊರ ಹೊರಗಿನ ನಮ್ಮ ಕೇರಿಯ ಹೆಂಗಸರು, ಊರೊಳಗಿನ ಹೆಂಗಸರು, ಎಲ್ಲರೂ ಒಂದೇ ಟ್ರಾಲಿಯಲ್ಲಿ. ಜೋಳ ಬಿತ್ತಿದ ಕೈಗಳಿಗೆ ಕೆಸರಿನ ಕೆಲಸ ಕಲಿಸಿದವರು ಆಂಧ್ರದಿಂದ ಬಂದು ನೆಲೆಸಿದ ಕ್ಯಾಂಪಿನವರು. ಬೇಗ ಕಲಿತವಳು ಅವ್ವ. ಆ ವರ್ಷ ಗದ್ದೆಯ ಯಜಮಾನ, ಅವನೂ ಕ್ಯಾಂಪಿನವನೇ, ಅವಳನ್ನೇ ಗುಂಪಿನ ಮೇಸ್ತ್ರಿ ಮಾಡಿದ್ದ. ಅವನ ಕಣ್ಣಿಗೆ ನಾವೆಲ್ಲ ಕನ್ನಡದ ಕೂಲಿಯವರು, ಅಷ್ಟೇ. ತನ್ನವರ ನಡುವೆ ಅವನಿಗೂ ಮೇಲು ಕೀಳು ಇದ್ದವೆಂದು ಆಮೇಲೆ ತಿಳಿಯಿತು.

ನಮ್ಮೂರವರು ಮಾತ್ರ ಬಾವಿಯಿಲ್ಲದ ಕಡೆಯೂ ಗೆರೆ ಎಳೆದಿದ್ದರು. ಕಾಲುವೆಯಲ್ಲಿ ಊರವರು ಮೇಲ್ಗಡೆ, ನೀರು ಬರುವ ದಿಕ್ಕಿನಲ್ಲಿ, ತುಂಬಿಕೊಳ್ಳಬೇಕು, ನಾವು ಕೆಳಗೆ. ಒಂದು ಮಧ್ಯಾಹ್ನ ಅವ್ವ ಕೊಡ ಹಿಡಿದು ಅವರನ್ನು ದಾಟಿ ಮೇಲಕ್ಕೆ ಹೋದಳು.

“ಎಲ್ಲಿಗೆ ಹೊಂಟೀಬೇ?” ಊರೊಳಗಿನ ಹಿರಿಯ ಹೆಂಗಸು ಕೇಳಿದಳು. “ಕೆಳಗ ತುಂಬ್ಕೋ. ನಾವು ಕುಡಿಯೋ ನೀರದು.”

“ಕುಡೀರಿ ಅಕ್ಕಾರ. ಯಾರ್ ಬ್ಯಾಡಂದ್ರು?”

“ಮೇಸ್ತ್ರಿ ಆಗೀನಂತ ಸೊಕ್ಕು ಬಂದೈತೇನು? ನಾವು ಟ್ರಾಲಿ ಹತ್ತಿ ಹೋದ್ರ ಒಬ್ಬಾಕೀನ ನಾಟಿ ಮಾಡ್ತೀ?”

ಅವರು ಹೊರಟರೆ ಗದ್ದೆ ಅರ್ಧಕ್ಕೆ ನಿಲ್ಲುತ್ತಿತ್ತು. ಅವ್ವನ ಮೇಸ್ತ್ರಿಕೆ ಅಂದೇ ಮುಗಿಯುತ್ತಿತ್ತು. ನಾನು ಅವಳ ಸೆರಗು ಜಗ್ಗಿದೆ. ಅವಳು ಕೊಡ ತುಂಬಿ ಸೊಂಟಕ್ಕಿಟ್ಟುಕೊಂಡಳು.

“ಇದರ ಮ್ಯಾಲೂ ಊರು ಅದಾವ್ರಿ. ಆ ಊರಿಗೂ ನಮ್ಮಂಥ ಕೇರಿ ಐತಿ. ಅವರೂ ಮುಂಜಾನೆ ಇದರಾಗ ಕೊಡ ಮುಳುಗಿಸ್ಯಾರ. ಇಷ್ಟ್ ದಿನ ಅದನ್ನ ಕುಡದೀರಿ. ಬ್ಯಾಡಂದ್ರ ಡ್ಯಾಮಿನ ತನಕ ನಡೀರಿ, ನಾ ಕಾಯ್ತೀನಿ.”

ಈ ಮಾತನ್ನು ವರ್ಷಗಳಲ್ಲಿ ನಾನೇ ಚೂಪು ಮಾಡಿರಬಹುದು. ಆದರೆ ಊರೊಳಗಿನ ಸೊಸೆಯೊಬ್ಬಳು ಕಿಸಕ್ಕನೆ ನಕ್ಕಿದ್ದು ನಿಜ. ನಗು ದಂಡೆಯುದ್ದಕ್ಕೂ ಹರಡಿತು. ಹಿರಿಯಳು ನಗಲಿಲ್ಲ, ಟ್ರಾಲಿಯ ಕಡೆಗೂ ಹೋಗಲಿಲ್ಲ. ಅವ್ವನ ಮುಂದೆ ಬಾಗಿ ಬೊಗಸೆಯೊಡ್ಡಿದಳು. ಅವ್ವ ಮೇಲಿನಿಂದ ನೀರು ಹೊಯ್ದಳು. ನಮ್ಮೂರಲ್ಲಿ ಬೊಗಸೆಯೊಡ್ಡುತ್ತಿದ್ದವರು ನಾವು.

ಸಂಜೆಯೊಳಗೆ ನಾಟಿ ಮುಗಿಯಿತು. ಮುಂದಿನ ಎಷ್ಟೋ ಹಂಗಾಮು ಅವ್ವನೇ ಮೇಸ್ತ್ರಿ. ಯಾರ ಕೊಡ ಎಲ್ಲಿ ಮುಳುಗುತ್ತಿದೆಯೆಂದು ಯಾರೂ ನೋಡಲಿಲ್ಲ.

ಊರಿಗೆ ಮರಳಿದ ಮೇಲೂ ಆ ಹಿರಿಯಳು ನಮ್ಮ ಕೈಯ ನೀರು ಕುಡಿಯುತ್ತಿದ್ದಳೇ? ನಾವು ಕರೆದು ನೋಡಲಿಲ್ಲ. ಅಂದು ಕುಡಿಸಿದ್ದು ಅವ್ವನ ಮಾತೋ, ಬಿಸಿಲೋ, ನನಗೆ ಗೊತ್ತಿಲ್ಲ.