ಬೇಡವೆಂದ ಚಹಾ

ನನ್ನ ಹೃದಯ ಈಗ ನನ್ನ ಮಾತು ಕೇಳುವುದಿಲ್ಲ. ಮೂವತ್ತೈದು ವರ್ಷ ಮಕ್ಕಳನ್ನು ಸಾಲಾಗಿ ನಿಲ್ಲಿಸಿದ ಮಾಸ್ತರ ನಾನು. ನನ್ನ ಎದೆಯೊಳಗಿನ ಬಡಿತಗಳು ಮಾತ್ರ ಸಂತೆಯಲ್ಲಿ ಹಗ್ಗ ಬಿಚ್ಚಿದ ಕುರಿಗಳಂತೆ ಕಂಡಕಂಡ ಕಡೆ ನುಗ್ಗುತ್ತವೆ. ಕಲಬುರಗಿಯ ಡಾಕ್ಟರರು ಇದನ್ನು ಏಟ್ರಿಯಲ್ ಫಿಬ್ರಿಲೇಶನ್ ಎಂದರು. ಹೃದಯದ ಮೇಲಿನ ಕೋಣೆಗಳು ಸರಿಯಾಗಿ ಬಡಿಯದೆ ಸುಮ್ಮನೆ ನಡುಗುತ್ತವಂತೆ. ಆ ಹೆಸರು ಬಾಯಿಪಾಠವಾಗಲು ನನಗೆ ಎರಡು ದಿನ ಹಿಡಿಯಿತು. ಆಳಂದದ ನಮ್ಮ ನೆರೆಯವರು ಅಷ್ಟು ಕಷ್ಟಪಡದೆ ಗ್ಯಾಸ್ ಎಂದು ತೀರ್ಮಾನಿಸಿ, ಅಜವಾನ ಕೊಟ್ಟು ಹೋದರು.

ರಕ್ತ ಹೆಪ್ಪುಗಟ್ಟದಿರಲು ಒಂದು ಗುಳಿಗೆ, ಬಡಿತ ತಗ್ಗಲು ಇನ್ನೊಂದು. ಮೊದಲನೆಯದರ ದಯೆಯಿಂದ ಗಡ್ಡ ಮಾಡಿಕೊಳ್ಳುವಾಗ ಚೂರು ಗೀಚಿದರೂ ಟವೆಲ್ ಕೆಂಪಾಗುತ್ತದೆ. ಎರಡನೆಯದು ನನ್ನನ್ನು ಮೂರನೇ ಮೆಟ್ಟಿಲಲ್ಲೇ ಕೂರಿಸುತ್ತದೆ. ಸೊಪ್ಪು ಹೆಚ್ಚುಕಡಿಮೆಯಾದರೆ ಮೊದಲ ಗುಳಿಗೆಯ ಲೆಕ್ಕ ತಪ್ಪುತ್ತದೆ, ಪೂರ್ತಿ ಬಿಡಬೇಡಿ, ದಿನವೂ ಒಂದೇ ಅಳತೆಯಲ್ಲಿ ತಿನ್ನಿ ಎಂದು ಡಾಕ್ಟರರು ಹೇಳಿದ್ದರಿಂದ, ನನ್ನ ಹೆಂಡತಿ ಪುಂಡಿ ಪಲ್ಯವನ್ನು ಒಂದು ಸಣ್ಣ ಬಟ್ಟಲಲ್ಲಿ ಅಳೆದು ಬಡಿಸುತ್ತಾಳೆ. ಮಗುವಿಗೆ ಔಷಧ ಕುಡಿಸುವವಳ ಮುಖ ಮಾಡಿಕೊಂಡು, ಬಟ್ಟಲು ಬರಿದಾಗುವವರೆಗೂ ಎದುರಿಗೇ ನಿಂತಿರುತ್ತಾಳೆ. ಹೀಗೆ ಬದುಕುವುದು ನನಗೆ ಬೇಸರ ತಂದಿದೆ. ಗುಣವಾಗುವ ಆಸೆಯನ್ನಂತೂ ಬಿಟ್ಟಿದ್ದೇನೆ.

ಆದರೆ ನನ್ನನ್ನು ನಿಜವಾಗಿ ಸೋಲಿಸಿದ್ದು ಚಹಾ. ಚಹಾ ಕುಡಿದರೆ ಎಲ್ಲರಿಗೂ ಬಡಿತ ಕೆಡುವುದಿಲ್ಲವಂತೆ; ನನಗೆ ಕೆಡುತ್ತದೆ. ಜೇವರ್ಗಿ ಬಸ್ ನಿಲ್ದಾಣದಲ್ಲಿ ಅರ್ಧ ಕಪ್ ಖಡಕ್ ಚಹಾ ಕುಡಿದು, ಅಂದಿನ ಮಧ್ಯಾಹ್ನವನ್ನು ಆಸ್ಪತ್ರೆಯ ಮಂಚದ ಮೇಲೆ ಕಳೆದೆ. ನಮ್ಮ ಕಡೆ ಚಹಾ ಬಿಟ್ಟವನು ಮನುಷ್ಯರನ್ನೂ ಬಿಟ್ಟ ಹಾಗೆ. ಮದುವೆಯ ಮಾತಿಗೂ ಚಹಾ, ಸತ್ತವರ ಮನೆಗೆ ಮಾತಾಡಿಸಲು ಹೋದರೂ ಚಹಾ, ಹೊಲದ ಬದುವಿಗಾಗಿ ಜಗಳಾಡಿದ ಮೇಲೂ ಚಹಾ. ಬೇಡವೆಂದರೆ ಯಾಕೆ ಬೇಡವೆಂದು ಯಾರೂ ಕೇಳುವುದಿಲ್ಲ. ತಮಗೆ ತಿಳಿದ ಕಾರಣವನ್ನು ತಾವೇ ಹುಡುಕಿಕೊಳ್ಳುತ್ತಾರೆ.

ಹೋದ ತಿಂಗಳು ಅಫಜಲಪುರ ತಾಲೂಕಿನ ಅತನೂರಿಗೆ ಹೋಗಿದ್ದೆ. ನಾನು ನೌಕರಿಗೆ ಸೇರಿದ ಮೊದಲ ಊರು ಅದು. ಅಲ್ಲಿನ ದಲಿತರ ಓಣಿಯ ಗೌತಮ ನನ್ನ ಶಿಷ್ಯ, ಈಗ ಕಾಲೇಜಿನಲ್ಲಿ ಪಾಠ ಹೇಳುತ್ತಾನೆ. ಹೊಸ ಮನೆ ಕಟ್ಟಿಸಿ ಬಾಯಿತುಂಬ ಕರೆದಿದ್ದ. ಪಡಸಾಲೆಯಲ್ಲಿ ಬಿಳಿಯ ಬುದ್ಧನ ಮೂರ್ತಿ, ಅದರ ಕೆಳಗೆ ಹೊಸ ಸೋಫಾ. ಅವನ ತಾಯಿ ತಾವೇ ಚಹಾ ತಂದರು. ನಾನು ಅಭ್ಯಾಸಬಲದಿಂದ ಕೈ ಅಡ್ಡ ಹಿಡಿದೆ.

"ಬ್ಯಾಡ್ರಿ ತಾಯಿ, ನನಗ ನಡೆಯಂಗಿಲ್ಲ."

ಮುದುಕಿಯ ಮುಖ ಇಳಿಯಿತು. ಗೌತಮ ಗಡಬಡಿಸಿ, "ಅವ್ವಾ, ಸರ್‌ಗ ಹಾರ್ಟಿಂದು ತ್ರಾಸ ಅದ. ಚಹಾ ಕುಡದ್ರ ಎದಿ ಹೊಡಕೋತದಂತ" ಎಂದ.

ಆಕೆ ಕಪ್ಪನ್ನು ನನ್ನ ಮುಂದೆ ಇಟ್ಟು ಮೆಲ್ಲಗೆ ಕೇಳಿದರು: "ಹೌದೇನ್ರಿ ಮಾಸ್ತರ್ರ? ಆಗ ಯಾವ ಬ್ಯಾನಿ ಇತ್ರಿ?"

ಆಗ ಯಾವ ಬೇನೆಯೂ ಇರಲಿಲ್ಲ. ಗೌತಮ ಹತ್ತನೆಯ ತರಗತಿ ಪಾಸಾದ ದಿನ ಇದೇ ತಾಯಿ ಹಾಲು ಕಡ ತಂದು ಚಹಾ ಮಾಡಿದ್ದರು. ನಮ್ಮ ಓಣಿಯವರು ಆ ಓಣಿಯಲ್ಲಿ ಏನನ್ನೂ ಬಾಯಿಗಿಡುತ್ತಿರಲಿಲ್ಲ. ತರಗತಿಯಲ್ಲಿ ಸಮಾನತೆಯ ಪಾಠ ಮಾಡುವ ನಾನು ಹೊಟ್ಟೆ ಸರಿಯಿಲ್ಲವೆಂದು ಹೇಳಿ ಎದ್ದು ಬಂದೆ. ಅರ್ಧ ಗಂಟೆಯಲ್ಲೇ ಬಸ್ ನಿಲ್ದಾಣದ ಹೋಟೆಲಿನಲ್ಲಿ ಮಿರ್ಚಿ ಭಜಿ ತಿಂದು ಎರಡು ಕಪ್ ಚಹಾ ಕುಡಿದೆ. ಸಣ್ಣ ಊರು; ಹೊಟ್ಟೆ ಸರಿಯಿಲ್ಲದವನ ಪ್ಲೇಟಿನಲ್ಲಿ ಏನಿತ್ತೆಂಬುದು ಸಂಜೆಯೊಳಗೆ ಆ ಮನೆಗೂ ಮುಟ್ಟಿರಬೇಕು. ಆ ಸುಳ್ಳನ್ನು ಎಷ್ಟು ಸಲೀಸಾಗಿ ಹೇಳಿದ್ದೆನೆಂದರೆ, ಇಂದಿನ ನಿಜಕ್ಕೆ ಅಲ್ಲಿ ಜಾಗವೇ ಉಳಿದಿರಲಿಲ್ಲ.

ಆದದ್ದಾಗಲಿ ಎಂದು ಕಪ್ಪಿಗೆ ಕೈ ಚಾಚಿದೆ. ಎದೆ ಒಡೆದರೆ ಒಡೆಯಲಿ ಅನಿಸಿತು. ಸುಳ್ಳೇಕೆ, ಹಾಗಾದರೂ ಮರ್ಯಾದೆ ಉಳಿದೀತೆಂಬ ದುರಾಸೆಯೂ ಇತ್ತು. ಆದರೆ ಆಕೆ ಕಪ್ಪನ್ನು ತಮ್ಮ ಕಡೆ ಸರಿಸಿಕೊಂಡರು.

"ಬ್ಯಾಡ್ರಿ. ನಮ್ಮನಿ ಚಹಾ ಕುಡದು ನಿಮಗೇನರ ಆದ್ರ, ಮಂದಿ ನಮಗೇ ಬೈತಾರ."

ಅವರ ಮಾತಿನಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಹಗುರಾಗುತ್ತಿತ್ತು. ಡಾಕ್ಟರರು ಬೇಡವೆಂದ ಪದಾರ್ಥಗಳನ್ನೆಲ್ಲ ಮನಸ್ಸಿನಲ್ಲೇ ನೆನೆದು, ಉಳಿದಿದ್ದ ಒಂದನ್ನು ಕೇಳಿದೆ.

"ಹಂಗಾದ್ರ ನೀರರ ಕೊಡ್ರಿ ತಾಯಿ."

ಅವರು ಒಳಗೆ ಹೋಗಿ, ಸೀಲು ಒಡೆಯದ ಬಿಸ್ಲೆರಿ ಬಾಟಲಿ ತಂದರು. "ನಿಮ್ಮಂಥವ್ರು ಬಂದ್ರ ಇರ್ಲಿ ಅಂತ ತಂದಿಟ್ಟಿರತೀವ್ರಿ" ಎಂದು ಅದನ್ನು ನನ್ನ ಕೈಗೆ ಕೊಡದೆ ಟೀಪಾಯಿಯ ಮೇಲೆ ಇಟ್ಟರು. ಅಡುಗೆಮನೆಯ ಬಾಗಿಲಲ್ಲಿ ತುಂಬಿದ ಕೊಡ ಕಾಣುತ್ತಿತ್ತು. ಅದರ ನೀರು ಕೊಡಿ ಎನ್ನಲು ನನಗೆ ನಾಲಗೆ ಏಳಲಿಲ್ಲ.

ಬಾಟಲಿಯನ್ನು ಪೂರ್ತಿ ಕುಡಿದು ಮುಗಿಸಿದೆ. ಆ ಮನೆಯ ನೀರನ್ನು ಮಾತ್ರ ನಾನು ಇಂದಿಗೂ ಕುಡಿದಿಲ್ಲ.