ಚಿಕ್ಕವ್ವನ ಕೈಗೆ ನಾನು ಇಡಿಸಿದ ಬಳೆ

ನೀವು ನಂಬುವುದಿಲ್ಲ, ಬೇಕಾದರೆ ಪಂದ್ಯ ಕಟ್ಟಿ — ಹದಿನಾಲ್ಕು ವರ್ಷಕ್ಕೆ, ಮೀಸೆಯ ನೆರಳೂ ಇಲ್ಲದ ನಾನು ಒಬ್ಬ ವಿಧವೆಗೆ ಮದುವೆ ಮಾಡಿಸಿದೆ. ಬರೀ ಬಾಯಿಂದ. ಮದುಮಗ ಹುಟ್ಟಿಯೇ ಇರಲಿಲ್ಲ! ಮದುಮಗಳು ನನ್ನ ಚಿಕ್ಕವ್ವ ಭಾಗಮ್ಮ, ತೀರಿಹೋದ ಕಾಕಾನ ಹೆಂಡತಿ. ಆ ಮದುವೆ ಸುಳ್ಳು. ಅದರಿಂದ ಆಕೆಯ ಹೊಲ ಹೋದದ್ದು ಮಾತ್ರ ನಿಜ. ಮೂರು ವರ್ಷವಾಯಿತು. ಆಕೆ ಕಲಬುರಗಿಯ ಶಹಾಬಜಾರದಲ್ಲಿ ಮಂದಿಯ ಮನೆಯ ಜೋಳ ಬೀಸುತ್ತಾಳೆ. ಆಕೆಯ ತೋಟದ ಹಣ್ಣನ್ನು ನಾನು ತಿನ್ನುತ್ತೇನೆ.

ತೋಟ ಇದ್ದದ್ದು ಕಮಲಾಪುರದಲ್ಲಿ. ಕೆಂಬಾಳೆ. ಕಾಕಾ ಸತ್ತ ಮೇಲೆ ಪಟ್ಟಾದಲ್ಲಿ ಚಿಕ್ಕವ್ವನ ಹೆಸರು ಬಿತ್ತು — ಸುತ್ತಲಿನ ಹೊಲಗಳಿಗೆಲ್ಲ ಗಂಡಸರ ಹೆಸರು, ನಡುವೆ ಇದೊಂದು. ಅಪ್ಪನಿಗೆ ಅದು ಕಣ್ಣಲ್ಲಿ ಬಿದ್ದ ಕಸ. ನನಗೆ ಏನೂ ಅನ್ನಿಸಿರಲಿಲ್ಲ, ಆ ದಿನದವರೆಗೆ.

ಆ ದಿನ ಗೆಳೆಯರನ್ನು ಕರೆದೊಯ್ದು, "ನಮ್ಮ ತೋಟ, ತಿನ್ರಲೇ!" ಎಂದು ಒಂದು ಗೊನೆ ಕಡಿದೆ. ಅದರಲ್ಲಿ ಸಾವಿರ ಹಣ್ಣಿದ್ದವು — ಸರಿ, ನೂರು. ಸರಿ, ಅರವತ್ತು. ಚಿಕ್ಕವ್ವ ಬಂದಳು. ಹೊಡೆಯಲಿಲ್ಲ, ಬೈಯಲಿಲ್ಲ. ಗೊನೆಯನ್ನು ನನ್ನ ಕೊರಳಿಗೆ ಕಟ್ಟಿ, ಕಿವಿ ಹಿಡಿದು ಊರ ಅಗಸಿಬಾಗಿಲವರೆಗೆ ನಡೆಸಿದಳು.

"ದಾರಿ ಬಿಡ್ರಿ, ದಾರಿ ಬಿಡ್ರಿ! ತೋಟದ ಧಣ್ಯಾರು ಹೊಂಟಾರ!"

ಬಾವಿಯ ಹತ್ತಿರ ಹುಡುಗಿಯರು ಕೊಡ ಇಳಿಸಿ ನಕ್ಕರು. "ಧಣಿ, ನನಗೊಂದ್ ಹಣ್ಣ ಕೊಡಪಾ!"

ಮಂದಿಯನ್ನು ನಗಿಸುವವನು ನಾನು. ನನ್ನನ್ನು ನೋಡಿ ಮಂದಿ ನಗುವುದೆಂದರೆ — ಆ ಹಗೆ ಎಷ್ಟು ರುಚಿಯಾಗಿತ್ತು ಎಂದು ಹೇಳಲಾರೆ. ಹಣ್ಣಲ್ಲ, ತೋಟವನ್ನೇ ಕಿತ್ತುಕೊಳ್ಳುತ್ತೇನೆ ಎಂದುಕೊಂಡೆ.

ನಮ್ಮಲ್ಲಿ ಉಡಿಕಿ ಎಂಬ ಪದ್ಧತಿಯಿದೆ. ವಿಧವೆಗೆ ಹೊಸ ಸೀರೆ ಉಡಿಸಿ, ಬಳೆ ಇಡಿಸಿ, ಇನ್ನೊಬ್ಬನಿಗೆ ಕೊಡುತ್ತಾರೆ. ವಾಲಗವಿಲ್ಲ, ನೆರೆದ ಮಂದಿಯಿಲ್ಲ. ಆದರೆ ಉಡಿಕಿಯಾದವಳು ಸತ್ತ ಗಂಡನ ಹೊಲ ಬಿಟ್ಟು ಹೋಗಬೇಕು. ಆಗ ಹೊಲ ಅವನ ಅಣ್ಣನಿಗೆ — ಅಂದರೆ ನಮ್ಮಪ್ಪನಿಗೆ.

ಊಟಕ್ಕೆ ಕೂತಾಗ ಹೇಳಿದೆ. ಯಾರೂ ಕೇಳಿರಲಿಲ್ಲ, ನಾನೇ ಹೇಳಿದೆ. ಎಳ್ಳಮಾವಾಸ್ಯೆಯ ದಿನ ಊರೆಲ್ಲ ಹೊಲಕ್ಕೆ ಹೋಗಿದ್ದಾಗ ಚಿಕ್ಕವ್ವ ಉಡಿಕಿಯಾದಳು, ನಾನು ಕಿಂಡಿಯಿಂದ ಕಂಡೆ.

ಅಪ್ಪನ ಕೈಯಲ್ಲಿ ರೊಟ್ಟಿ ಹಾಗೇ ನಿಂತಿತು. "ಖರೇನಲೇ?"

"ನಿನ್ನಾಣಿ."

ಅವ್ವ ನನ್ನ ಮುಖವನ್ನೇ ನೋಡಿದಳು. ಯಾಕೆಂದು ಆಗ ಹೊಳೆಯಲಿಲ್ಲ.

ಹೊಲ ತನ್ನ ಹೆಸರಿಗಾಗಲಿ ಎಂದು ಅಪ್ಪ ಅರ್ಜಿ ಹಾಕಿದ. ಚಿಕ್ಕವ್ವನಿಗೂ ಕಚೇರಿಯ ಕರೆ ಬಂತು. ಬಂಡಿ ಕಟ್ಟಿಕೊಂಡು ಎಲ್ಲರೂ ಕಲಬುರಗಿಗೆ ಹೋದೆವು. ಅವ್ವ ಕಚೇರಿಯ ಹೊರಗೆ ಬೇವಿನ ಕೆಳಗೆ ಕೂತಳು. ಒಳಗೆ ತಹಸೀಲ್ದಾರ ಸಾಹೇಬರು ಎಲೆ ಮೆಲ್ಲುತ್ತ, "ಬೋಲ್ ಬೇಟಾ, ಕ್ಯಾ ದೇಖಾ?" ಎಂದರು.

"ಏನ್ ಕಂಡಿ, ಹೇಳು," ಎಂದ ಪೇಷ್ಕಾರ, ಅವರ ಗುಮಾಸ್ತ.

"ಹಸರ ಸೀರಿ ಉಟ್ಟಿದ್ಲ್ರಿ. ಮೊಳಕೈತನಾ ಹಸರ ಬಳಿ! ಗಂಡ ಹ್ಯಾಂಗಿದ್ದ ಅಂದ್ರ, ಮೊದಲ ಮೀಸಿ ಬಂತ್ರಿ, ಹಿಂದಿಂದ ಆಂವ ಬಂದ."

ಕಚೇರಿ ಬಿದ್ದು ಬಿದ್ದು ನಕ್ಕಿತು.

"ಊಟ ಏನಿತ್ತಲೇ?" ಪೇಷ್ಕಾರ ಕೆಣಕಿದ.

"ಹೋಳಿಗಿರಿ. ನನ್ನ ಪಾಲಿಗಿ ವಾಸನಿ ಅಷ್ಟೇ ಬಂತು."

ಸಾಹೇಬರಿಗೆ ನಗು ತಡೆಯದೆ ಕೆಮ್ಮು ಬಂತು. ನಾನು ಓರೆಗಣ್ಣಿನಿಂದ ಚಿಕ್ಕವ್ವನನ್ನು ನೋಡಿದೆ — ಈಗ ಯಾರ ಕೊರಳಲ್ಲಿದೆ ಗೊನೆ? ಆಕೆ ತನ್ನ ಬೋಳು ಕೈಗಳನ್ನು ಮುಂದೆ ಚಾಚಿ ನಿಂತಿದ್ದಳು.

"ಬಳಿ ತಗದ ಇಡಬಹುದಲ್ರಿ," ಎಂದ ಅಪ್ಪ.

"ಎಳ್ಳಮಾಸಿ ದಿನ ಈ ಹುಡುಗನ ಅವ್ವ ಜ್ವರ ಬಂದು ಮಲಗಿದ್ಲ್ರಿ," ಎಂದಳು ಚಿಕ್ಕವ್ವ. "ಮುಂಜಾನಿಂದ ಸಂಜಿತನಾ ಆಕಿ ತಲಿ ಒತ್ತಕೋತ ಕುಂತಿದ್ದೆ. ಆಕೀನ ಕರೀರಿ, ಹೊರಗೇ ಕುಂತಾಳ. ಆಕಿ ಸುಳ್ಳ ಹೇಳಾಕಿ ಅಲ್ರಿ."

ಆಗ ನೆನಪಾಯಿತು — ಹೌದು, ಅವ್ವನಿಗೆ ಗಂಜಿ ಕುಡಿಸಿದ್ದಳು. ಸುಳ್ಳಿಗೆ ದಿನವನ್ನೂ ನೆಟ್ಟಗೆ ಆರಿಸದ ಜಾಣ ನಾನು.

ಸಾಹೇಬರು ಅವ್ವನನ್ನು ಕರೆಸಿದರು. ಅವ್ವ ಬರುತ್ತಾಳೆ, ನನ್ನ ಕೆನ್ನೆಗೆ ಬಿಗಿಯುತ್ತಾಳೆ, ಎಲ್ಲ ಮುಗಿಯುತ್ತದೆ ಎಂದುಕೊಂಡೆ. ಅದಕ್ಕೂ ಮೊದಲು ನಾನೇ ಹೇಳಿಬಿಡಬಹುದಿತ್ತು. ಸಮಯವಿತ್ತು. ಹೇಳಲಿಲ್ಲ — ಹೆದರಿಕೆಯಿಂದಲ್ಲ. ಮಂದಿ ಇನ್ನೂ ನಗುತ್ತಿದ್ದರು, ಆ ನಗು ನನಗೆ ಇನ್ನಷ್ಟು ಬೇಕಾಗಿತ್ತು.

ಅವ್ವ ಒಳಗೆ ಬಂದಳು. ಚಿಕ್ಕವ್ವನ ಮುಖ ಅರಳಿತು. ಒಂದು ಹೆಜ್ಜೆ ಮುಂದೆ ಬಂದಳು. ಅವ್ವ ಅವಳತ್ತ ನೋಡಲಿಲ್ಲ. ಅಪ್ಪನನ್ನು ನೋಡಿದಳು, ನನ್ನನ್ನು ನೋಡಿದಳು, ಸೆರಗು ಕಣ್ಣಿನವರೆಗೆ ಎಳೆದುಕೊಂಡಳು.

"ಹುಡುಗ ಖರೇ ಹೇಳ್ಯಾನ್ರಿ. ಅವತ್ತ ಆಕಿ ನಮ್ಮನಿಗಿ ಬಂದೇ ಇಲ್ಲ."